ಪೆನ್ಸಿಲ್ಲಿನ ತಾರೀಖು

ಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು
ಅದರ ಹೊಟ್ಟೆಯಲ್ಲಿ ಫ್ಯಾನು ಕೂರಿಸಿ
ಸ್ವಿಚ್ಚು ಒತ್ತಿದೆ.
ಮನೆ ಒಮ್ಮೆ ಮೈ ಬಿಗಿಹಿಡಿಯಿತು.
ಒಳಗಿನ ಗಾಳಿ ಹೊರಗೆ ಹೋದದ್ದೇ ತಡ,
ಹೊರಗಿನದು ಸಂದುಗೊಂದುಗಳಿಂದ
ಹೇಳದೆ ಕೇಳದೆ ನುಗ್ಗಿತು.

ಇದು ಮೇಯ್ನ್ ರಾಜ್ಯದ ಉತ್ತರದ ತುದಿ.
ಆಲೂಗಡ್ಡೆ ಕಿತ್ತ ಹೊಲ ದಾಟಿದರೆ ಕೆನಡಾ.
ಸೆಪ್ಟೆಂಬರ್ ಮುಗಿಯುವ ಮೊದಲೇ
ಮುಂಜಾನೆ ಹುಲ್ಲು ಬೆಳ್ಳಗೆ.
ಆರ್ವಿಲಾ ಪೆಲ್ಕಿಯ ಮನೆಯೆಂದರೆ
ಲಾರಿಯ ಹಿಂದೆ ಎಳೆದು ತಂದ ತಗಡಿನ ಪೆಟ್ಟಿಗೆ;
ಚಕ್ರ ಕಳಚಿಟ್ಟು ನಲವತ್ತು ವರ್ಷ.
ಇನ್ನೆಲ್ಲಿಗೂ ಹೋಗುವ ಹಾಗಿಲ್ಲ ಅದು.

ನಾನು, ಓಡಿಲ್, ಸರ್ಕಾರದ ದುಡ್ಡಿನಲ್ಲಿ
ಬಡವರ ಮನೆಯ ತೂತು ಎಣಿಸುವವಳು.
'ನಿನ್ನಮ್ಮ ಏನು ಕೆಲಸ ಮಾಡ್ತಾಳೆ?' ಎಂದು
ಶಾಲೆಯಲ್ಲಿ ಕೇಳಿದ್ದಕ್ಕೆ ಮಗ
'ಗಾಳಿ ಹಿಡೀತಾಳೆ' ಅಂದನಂತೆ.

ಹೊಗೆಯ ಕಡ್ಡಿ ಹಿಡಿದು ಗೋಡೆಗುಂಟ ನಡೆದೆ.
ಪ್ಲಗ್ಗಿನ ಎರಡು ಕಣ್ಣು,
ಸಿಂಕಿನ ಕೆಳಗೆ ಕೊಳವೆಯ ಸುತ್ತಿನ ಬಳೆಯಗಲ,
ಅಟ್ಟದ ಮುಚ್ಚಳ:
ಒಂದೊಂದು ಕಡೆಯೂ ಹೊಗೆ
ಬಯ್ಯಿಸಿಕೊಂಡ ಮಗುವಿನಂತೆ ಹಿಂದೆ ಸರಿಯುತ್ತದೆ.
ಆರ್ವಿಲಾ ನಕ್ಕಳು.
ಶಾಲೆಯ ಬಸ್ಸು ಓಡಿಸುವ ದಪ್ಪ ಕೈಯಲ್ಲಿ ಸಿಗರೇಟು:
'ಇದಕ್ಕೆ ಯಂತ್ರ ಯಾಕೆ ಓಡಿಲ್?
ಜನವರಿಯಲ್ಲಿ ಸೋಫಾದ ಈ ತುದಿಗೆ ಕೂತು ನೋಡು,
ಎಡಗಿವಿ ಒಂದೇ ಸತ್ತುಹೋಗುತ್ತೆ.'

ಲೆಕ್ಕ ಹಾಕಿದೆ.
ಬಿರುಕುಗಳನ್ನೆಲ್ಲ ಕೂಡಿಸಿದರೆ ಒಂದು ಕಿಟಕಿ,
ಚಳಿಗಾಲ ಪೂರ್ತಿ ತೆರೆದೇ ಇಟ್ಟದ್ದು.
ಇದಕ್ಕೆ ಸೀಮೆಎಣ್ಣೆ ಸುರಿಯುವುದು
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

'ಸರಿ, ಮುಚ್ಚೋಕೆ ಯಾವಾಗ ಬರ್ತೀರಿ?'

ಫ್ಯಾನು ನಿಲ್ಲಿಸಿದೆ. ಮೌನ ಇನ್ನೂ ಜೋರಾಯಿತು.

ಸೋಮವಾರ ಆಫೀಸಿನಲ್ಲಿ ರೇನಾಲ್ಡ್ ಹೇಳಿದ್ದ:
ಯಾರಿಗೂ ತಾರೀಖು ಕೊಡಬೇಡಿ.
ಹಣ ಬರಬಹುದು. ಬಾರದೆಯೂ ಇರಬಹುದು.
ಅರ್ಧ ಬಂದು ಅರ್ಧ ದಾರಿಯಲ್ಲಿ ನಿಲ್ಲಬಹುದು.
ರಾಜಧಾನಿಯಲ್ಲಿ ಒಬ್ಬರು ಬರೆದದ್ದನ್ನು
ಇನ್ನೊಬ್ಬರು ಹೊಡೆದುಹಾಕುತ್ತಾರೆ,
ಹೊಡೆದುಹಾಕಿದ್ದನ್ನು ಕೋರ್ಟು ಓದುತ್ತ ಕೂರುತ್ತದೆ,
ಅಷ್ಟರಲ್ಲಿ ಹಿಮ.
ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಮನೆ.
ಪೈಪು ಹಿಡಿಯುವ ಹುಡುಗರಲ್ಲಿ ಇಬ್ಬರು
ಆಗಲೇ ಮರದ ಮಿಲ್ಲಿಗೆ ಸೇರಿದ್ದಾರೆ.
ಈ ಕೆಲಸಕ್ಕೆ ಕೈ ಪಳಗಲು ಮೂರು ವರ್ಷ ಬೇಕು,
ಬಿಟ್ಟುಹೋಗಲು
ಸಂಬಳವಿಲ್ಲದ ಒಂದು ಶುಕ್ರವಾರ ಸಾಕು.

ಊರಿನ ಮರದ ಮನೆಗಳ ಗೋಡೆಗೆ
ನಾವು ಏನು ತುಂಬುತ್ತೇವೆ ಗೊತ್ತೇ?
ಹಳೆಯ ಪತ್ರಿಕೆ.
ಅರಳೆಯಂತೆ ಹಿಂಜಿ, ಬೆಂಕಿ ಹತ್ತದ ಪುಡಿ ಬೆರೆಸಿದ್ದು.
ಗೆದ್ದವರ ನಗು, ಸತ್ತವರ ಪಟ, ಕಾರು ಮಾರಾಟ,
ಎಲ್ಲ ಬೂದಿಬಣ್ಣಕ್ಕೆ ತಿರುಗಿ
ಗೋಡೆಯೊಳಗೆ ಕೂತು ಬಾಯಿ ಮುಚ್ಚುತ್ತವೆ.
ಮೊನ್ನೆ ಮೂರನೇ ಪುಟದಲ್ಲಿ
ನಮ್ಮ ಯೋಜನೆಯ ಸುದ್ದಿಯೂ ಇತ್ತು,
ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ.
ಅದನ್ನೂ ಹಿಂಜಿದರೆ ಯಾರಾದರೂ ಬೆಚ್ಚಗಾದಾರು.
ಹಿಂಜುವ ಯಂತ್ರಕ್ಕೆ ಎಣ್ಣೆ ಹಾಕುವವರು ಯಾರು,
ಅದೊಂದೇ ತಿಳಿಯದು.

ತಪಾಸಣೆಯ ದಿನ ರಿಪೇರಿ ಕೂಡದು, ನಿಯಮ.
ವ್ಯಾನಿನಲ್ಲಿ ಅರ್ಧ ಡಬ್ಬಿ ನೊರೆ ಉಳಿದಿತ್ತು,
ಯಾವುದೋ ಹಳೆಯ ಮನೆಯ ಲೆಕ್ಕದ್ದು.
ಸಿಂಕಿನ ಕೆಳಗೆ ಅಂಗಾತ ಮಲಗಿ
ಕೊಳವೆಯ ಸುತ್ತ ಒತ್ತಿದೆ.
ಹಳದಿ ನೊರೆ ಹುದುಗಿದ ಹಿಟ್ಟಿನಂತೆ ಉಬ್ಬಿ
ತೂತಿನ ಆಕಾರ ಕಲಿತುಕೊಂಡಿತು.
ಮತ್ತೆ ಫ್ಯಾನು ಹಾಕಿ ನೋಡಿದೆ:
ಅಂಕಿ ಇಳಿದದ್ದು
ಹೇಳಿಕೊಳ್ಳುವಷ್ಟೇನಲ್ಲ.

ಫಾರಮ್ಮಿನ ಖಾಲಿ ಜಾಗದಲ್ಲಿ
ನವೆಂಬರ್ ಹದಿನಾಲ್ಕು ಎಂದು
ಪೆನ್ಸಿಲ್ಲಿನಲ್ಲಿ ಬರೆದೆ, ಅಳಿಸಲು ಸುಲಭವಾಗುವ ಹಾಗೆ.
ಎರಡೂವರೆಯ ಬಸ್ಸಿಗೆ ಹೊತ್ತಾಗಿತ್ತು.
ಆರ್ವಿಲಾ ಜಾಕೆಟ್ಟಿಗೆ ಒಂದು ಕೈ ತೂರಿಸಿ
ಇನ್ನೊಂದು ಕೈಯಲ್ಲಿ
ಫ್ರಿಜ್ಜಿನ ಮೇಲಿನ ಕ್ಯಾಲೆಂಡರ್ ತಿರುವಿ
ಆ ದಿನಕ್ಕೆ ಒಂದು ಸುತ್ತು ಹಾಕಿದಳು,
ಪೆನ್ನಿನಲ್ಲಿ.

ನಾನು ತಡೆಯಲಿಲ್ಲ.